'ಅಫೀಶ್ ಇಲ್ಯುಸ್ತ್ರೇ'ಗೆ 'ಸಚಿತ್ರ ಭಿತ್ತಿಪತ್ರ' ಎಂದರೆ ಸಾಕೇ?

ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಪೋಸ್ಟರ್ ಕಲೆಯ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅಲ್ಲಿ ಮತ್ತೆ ಮತ್ತೆ ಬರುವ 'ಅಫೀಶ್ ಇಲ್ಯುಸ್ತ್ರೇ' ಎಂಬ ಮಾತನ್ನು 'ಸಚಿತ್ರ ಭಿತ್ತಿಪತ್ರ' ಎಂದು ಬರೆದರೆ ಪದಶಃ ತಪ್ಪಾಗದು. ಆದರೆ 'ಸಚಿತ್ರ ರಾಮಾಯಣ' ಎಂದಾಗ ರಾಮಾಯಣವೇ ಮುಖ್ಯವಾಗಿ ಚಿತ್ರ ಅದಕ್ಕೆ ಒತ್ತಾಸೆಯಾಗುವಂತೆ, 'ಸಚಿತ್ರ' ಎಂಬ ವಿಶೇಷಣ ಬರಹಕ್ಕೇ ಮೊದಲ ಸ್ಥಾನ ಕೊಡುತ್ತದೆ. ಆ ಶತಮಾನದಲ್ಲಿ ತಲೆಕೆಳಗಾದದ್ದು ಈ ಕ್ರಮವೇ ಎಂಬುದು ನನ್ನ ತೊಡಕು.

1830–40ರ ದಶಕಗಳಲ್ಲಿ ಪ್ಯಾರಿಸ್ಸಿನ ಪ್ರಕಾಶಕರು ಹೊಸ ಪುಸ್ತಕಗಳ ಪ್ರಚಾರಕ್ಕೆ ಗ್ರಾಂವಿಲ್‌ನಂಥ ಕಲಾವಿದರಿಂದ ಬರೆಸಿದ, ಹೆಚ್ಚಾಗಿ ಕಪ್ಪು ಬಿಳುಪಿನ ಹಾಳೆಗಳಿಗೆ 'ಸಚಿತ್ರ' ಎಂಬುದು ಚೆನ್ನಾಗಿಯೇ ಹೊಂದುತ್ತದೆ. ಅವುಗಳ ಚಿತ್ರ ಪುಸ್ತಕದೊಳಗಿನ ಚಿತ್ರದ ಜಾತಿಯದೇ.

ಲಂಡನ್ನಿನಲ್ಲಿ ಕೆಲಸ ಕಲಿತು 1866ರಲ್ಲಿ ಪ್ಯಾರಿಸ್ಸಿಗೆ ಮರಳಿ ಸ್ವಂತ ಮುದ್ರಣಾಲಯ ತೆರೆದ ಪೋಸ್ಟರ್ ಕಲಾವಿದ ಜೂಲ್ ಶೆರೆಯ ಹಾಳೆಗಳಿಗೆ 'ಸಚಿತ್ರ' ಹೊಂದುವುದಿಲ್ಲ. ಎಂಗಲ್‌ಮನ್ ಎಂಬ ಮುದ್ರಕ 1837ರಲ್ಲಿ ಪೇಟೆಂಟ್ ಪಡೆದ ಬಹುವರ್ಣ ಕಲ್ಲಚ್ಚಿನಲ್ಲಿ (ಕಲ್ಲಿನ ಮೇಲೆ ಬರೆದದ್ದನ್ನು ಕಾಗದಕ್ಕೆ ಒತ್ತುವ ಲಿಥೋಗ್ರಫಿಯಲ್ಲಿ) ಬಣ್ಣಕ್ಕೊಂದು ಕಲ್ಲು ಬೇಕಾಗಿ ಕೆಲಸವೂ ಖರ್ಚೂ ಬೆಳೆಯುತ್ತಿದ್ದವು. ಶೆರೆ ತನ್ನ ಅನೇಕ ಪೋಸ್ಟರುಗಳಲ್ಲಿ ರೇಖೆಗಳಿಗೆ ಕಪ್ಪು, ಮೈಬಣ್ಣಕ್ಕೂ ಉಡುಪಿಗೂ ಕೆಂಪು, ಹಿನ್ನೆಲೆಗೆ ಮೇಲೆ ತಂಪಾದ ನೀಲಿಯಿಂದ ಕೆಳಗೆ ಬೆಚ್ಚನೆಯ ಹಳದಿಗೆ ಇಳಿಯುವ ಇನ್ನೊಂದು ಕಲ್ಲು, ಹೀಗೆ ಕೆಲವೇ ಕಲ್ಲುಗಳಲ್ಲಿ ಕೆಲಸ ಮುಗಿಸಿದ. ಕಲ್ಲಚ್ಚಿನಲ್ಲಿ ಅಕ್ಷರವನ್ನೂ ಕೈಯಿಂದಲೇ ಬರೆಯಬಹುದಾದ್ದರಿಂದ, ಮೊಳೆ ಜೋಡಿಸುವ ಅಚ್ಚಿನಲ್ಲಿ ಬೇರೆಬೇರೆಯಾಗಿ ಉಳಿಯುತ್ತಿದ್ದ ಬರಹ ಮತ್ತು ಚಿತ್ರ ಒಂದೇ ರಚನೆಯಾಗಿ ಬೆಸೆದುಕೊಂಡವು. ಆನ್ರಿ ದ ತುಲೂಸ್-ಲೋತ್ರೆಕ್‌ನ 1891ರ, ಪ್ಯಾರಿಸ್ಸಿನ 'ಮುಲಾಂ ರೂಜ್' ನೃತ್ಯಶಾಲೆಯ ಪೋಸ್ಟರಿನಲ್ಲಿ ಸಾಲುಸಾಲಾಗಿ ಮೂರು ಬಾರಿ ಬರುವ ಆ ಹೆಸರಿಗೆಲ್ಲ ಒಂದೇ ದೊಡ್ಡ 'ಎಂ' ಅಕ್ಷರ ಮೊದಲಕ್ಷರವಾಗಿದೆ. ಅದನ್ನು ಓದುತ್ತೇವೋ ನೋಡುತ್ತೇವೋ ಎಂದು ಬೇರ್ಪಡಿಸಲು ನನಗಂತೂ ಆಗುವುದಿಲ್ಲ.

ಹಾಗಿದ್ದರೂ ಫ್ರೆಂಚರಿಗೆ ಆ ವಿಶೇಷಣ ಬೇಕಿತ್ತು, ಏಕೆಂದರೆ ಬರಿಯ 'ಅಫೀಶ್' ಎಂದರೆ ಸರ್ಕಾರಿ ಪ್ರಕಟಣೆಯೂ ಆಗುತ್ತದೆ. ಗೋಡೆಗೆ ಹಾಳೆ ಅಂಟಿಸುವುದನ್ನು ಬಹುಮಟ್ಟಿಗೆ ಮುಕ್ತಗೊಳಿಸಿದ 1881ರ ಜುಲೈ 29ರ ಕಾನೂನು ಕೂಡ ಬಿಳಿ ಕಾಗದವನ್ನು ಸರ್ಕಾರದ 'ಅಫೀಶ್'ಗಳಿಗೇ ಮೀಸಲಿಟ್ಟಿತ್ತು.

ಕನ್ನಡದಲ್ಲಿ 'ಭಿತ್ತಿಚಿತ್ರ' ಎಂದರೆ ಗೋಡೆಯ ಮೇಲೆಯೇ ಬರೆದ ಚಿತ್ರವೆಂಬ ಅರ್ಥ ಬೇರೂರಿರುವುದರಿಂದ ಅದು ಸಲ್ಲದು. ಲಿಥೋಗ್ರಫಿಗೆ ಮಾತ್ರ ನಾನು ಚಿಂತಿಸಬೇಕಾಗಲಿಲ್ಲ: 1843ರಲ್ಲಿ 'ಮಂಗಳೂರ ಸಮಾಚಾರ' ಅಚ್ಚಾದದ್ದೇ ಕಲ್ಲಚ್ಚಿನಲ್ಲಿ, ಆ ಪದ ನಮ್ಮಲ್ಲಿ ಗಟ್ಟಿಯಾಗಿದೆ. ಶೆರೆಗಿಂತ ಹಿಂದಿನವುಗಳಿಗೆ 'ಸಚಿತ್ರ ಭಿತ್ತಿಪತ್ರ', ಅವನಿಂದ ಮುಂದಿನವುಗಳಿಗೆ 'ಚಿತ್ರಪೋಸ್ಟರ್' ಎಂದು ಬಳಸಬೇಕೆಂದಿದ್ದೇನೆ. 'ಪೋಸ್ಟರ್' ಎಂದೊಡನೆ ಕನ್ನಡಿಗರ ಕಣ್ಣಿಗೆ ಚಿತ್ರವೇ ಮೊದಲು ಕಟ್ಟುವುದರಿಂದ ಈ ಆಯ್ಕೆ. ಒಂದೇ ವಸ್ತುವಿಗೆ ಎರಡು ಹೆಸರು ಓದುಗರನ್ನು ಗೊಂದಲಕ್ಕೆ ಈಡುಮಾಡೀತೇ ಎಂಬುದನ್ನು ಬಲ್ಲವರು ಹೇಳಬೇಕು.

ಜೊತೆಗೆ, ಒಂದು ಬಣ್ಣ ಇನ್ನೊಂದರೊಳಕ್ಕೆ ಗೆರೆ ಕಾಣದಂತೆ ಇಳಿಯುವ ಶೆರೆಯ ಆ ಹಿನ್ನೆಲೆಗೆ 'ವರ್ಣಕ್ರಮಣ' ಎಂದೇನೋ ಬರೆದಿಟ್ಟಿದ್ದೇನೆ, ಸಮಾಧಾನವಿಲ್ಲ. ಸಿನಿಮಾ ಬ್ಯಾನರ್ ಅಥವಾ ಅಂಗಡಿ ಬೋರ್ಡ್ ಬರೆಯುವ ಕಲಾವಿದರ ಬಾಯಲ್ಲಿ ಇದಕ್ಕೆ ಬಳಕೆಯ ಮಾತಿದ್ದರೆ, ಯಾವ ಊರಿನ ಬಳಕೆ ಎಂಬುದರೊಡನೆ ದಯವಿಟ್ಟು ತಿಳಿಸಿ.