ಕಲಿತದ್ದೇ ಗೊತ್ತಿಲ್ಲದ ಕಲಿಕೆ: ನರಮನೋವಿಜ್ಞಾನ ತಜ್ಞರಿಗೆ ಎರಡು ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಡಾಕ್ಟರ್. ಮಿದುಳಿಗೆ ಸೋಂಕು ತಗುಲಿ ಚೇತರಿಸಿಕೊಂಡ ನಮ್ಮ ತಂದೆಯವರಿಗೆ ಹಳೆಯ ಸಂಗತಿಗಳು ಚೆನ್ನಾಗಿ ನೆನಪಿವೆ. ಬೆಳಿಗ್ಗೆ ತಿಂದ ತಿಂಡಿ ಮಾತ್ರ ಮಧ್ಯಾಹ್ನಕ್ಕೆ ಮರೆತಿರುತ್ತದೆ. ಆದರೂ ನಾವು ಈಚೆಗೆ ಬಂದ ಬಾಡಿಗೆ ಮನೆಯ ಬಚ್ಚಲ ಚಿಲಕವನ್ನು, ತುಸು ಮೇಲೆತ್ತಿ ಎಡಕ್ಕೆ ಸರಿಸದಿದ್ದರೆ ಜಗ್ಗದ ಆ ಚಿಲಕವನ್ನು, ಈಗ ಸಲೀಸಾಗಿ ತೆಗೆಯುತ್ತಾರೆ. ಯಾವಾಗ ಕಲಿತಿರಿ ಎಂದರೆ, "ನಾನು ಇದನ್ನು ಮುಟ್ಟಿಯೇ ಇಲ್ಲ" ಎನ್ನುತ್ತಾರೆ. ಇದನ್ನು ಕಲಿಕೆ ಎನ್ನಬಹುದೆ?

ಉತ್ತರ: ಇದು ಅಪ್ಪಟ ಕಲಿಕೆಯೇ, ತಂದೆಯವರು ಹೇಳುತ್ತಿರುವುದು ಸುಳ್ಳೂ ಅಲ್ಲ. 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ, ಮೂರ್ಛೆರೋಗ ಹತೋಟಿಗೆ ಬರಲೆಂದು, ಮಿದುಳಿನೊಳಗೆ ಎರಡೂ ಬದಿಗಿರುವ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದ ಮೇಲೆ, ಹೊಸ ಘಟನೆಗಳು ಅವನ ನೆನಪಿನಲ್ಲಿ ನಿಲ್ಲದಾದವು. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವನಿಗೆ, ಕೈಯನ್ನು ಕನ್ನಡಿಯಲ್ಲಿ ಮಾತ್ರ ನೋಡುತ್ತ, ನಕ್ಷತ್ರದ ಜೋಡಿ ಅಂಚುಗಳ ನಡುವೆ ಗೆರೆ ಎಳೆಯುವ ಕೆಲಸ ಕೊಟ್ಟರು. ಮೊದಲು ಪೆನ್ಸಿಲ್ ಮೂಲೆಗಳಲ್ಲಿ ದಾರಿ ತಪ್ಪುತ್ತಿತ್ತು. ಮೂರನೆಯ ದಿನದ ಹೊತ್ತಿಗೆ ತಪ್ಪುಗಳು ಬಹಳ ಕಡಿಮೆಯಾದವು. ಅವನಿಗಾದರೋ ಪ್ರತಿದಿನವೂ ಅದು ಮೊದಲ ಸಲವೇ. ನಡೆದದ್ದನ್ನು "ನನಗೆ ನಡೆದದ್ದು" ಎಂದು ಕಾಪಿಡಲು ಹಿಪೊಕ್ಯಾಂಪಸ್ ಬೇಕು; ಕೈಯ ರೂಢಿ ಬೆಳೆಯುವುದು ಹೆಚ್ಚಾಗಿ ಮಿದುಳಿನ ಬೇರೆ ಭಾಗಗಳಾದ ಸ್ಟ್ರಯೇಟಮ್ ಮತ್ತು ಅನುಮಸ್ತಿಷ್ಕದ ನೆರವಿನಿಂದ. ತಂದೆಯವರು ತಮ್ಮ ಬಗ್ಗೆ ಹೇಳುವ ಮಾತು ಆ ಮೊದಲ ಬಗೆಯ ನೆನಪನ್ನು ನಂಬಿಕೊಂಡಿರುವುದರಿಂದ, ದಯವಿಟ್ಟು ಅವರೊಂದಿಗೆ ವಾದಿಸಬೇಡಿ.

ಪ್ರಶ್ನೆ: ಹಾಗಾದರೆ ಮಾತ್ರೆ ಡಬ್ಬಿ ಬಳಸುವುದನ್ನೂ ಕಲಿಸಬಹುದೆ? ಈಗ "ಯೋಚಿಸಿ, ಮುಂದೇನು ಮಾಡಬೇಕು ಹೇಳಿ" ಎಂದು ಕೇಳುತ್ತ ಅಭ್ಯಾಸ ಮಾಡಿಸುತ್ತಿದ್ದೇವೆ.

ಉತ್ತರ: ಕಲಿಸಬಹುದು, ಆದರೆ ಊಹಿಸಲು ಬಿಡಬೇಡಿ. ನಾವು ತಿದ್ದಿಕೊಳ್ಳುವುದು ಹಿಂದಿನ ಸಲ ತಪ್ಪಿದ್ದೆವೆಂಬ ನೆನಪಿನಿಂದ. ಆ ನೆನಪಿಲ್ಲದವರಲ್ಲಿ ತಪ್ಪೇ ರೂಢಿಯಾಗಿ ಬೇರೂರಬಹುದು. ಮನೋವಿಜ್ಞಾನಿಗಳಾದ ಬ್ಯಾಡ್ಲಿ ಮತ್ತು ವಿಲ್ಸನ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರೆವಿನ ರೋಗಿಗಳು ಊಹಿಸುತ್ತ ಕಲಿತ ಪದಗಳಿಗಿಂತ ತಪ್ಪಿಗೆ ಎಡೆಯೇ ಇಲ್ಲದಂತೆ ಕಲಿಸಿದ ಪದಗಳನ್ನು ಹೆಚ್ಚು ಉಳಿಸಿಕೊಂಡರು. ಆದ್ದರಿಂದ ಪ್ರತಿ ಹಂತವನ್ನೂ ನೀವೇ ಹೇಳಿ, ಕೈ ಹಿಡಿದು ಮಾಡಿಸಿ, ನೆರವನ್ನು ಬಹಳ ನಿಧಾನವಾಗಿ ಕಡಿಮೆ ಮಾಡಿ. ಹೀಗೆ ಕಲಿತದ್ದು ಬೇರೆ ಡಬ್ಬಿಗೆ ಸುಲಭವಾಗಿ ಒದಗದ ಕಾರಣ, ಡಬ್ಬಿ, ಇಡುವ ಜಾಗ, ಕೊಡುವ ಹೊತ್ತು ಬದಲಾಗದಿರಲಿ. ನುಂಗಿದ್ದನ್ನು ಮರೆತು ಮತ್ತೆ ನುಂಗುವ ಅಪಾಯ ಮಾತ್ರ ಉಳಿದೇ ಇರುತ್ತದೆ. ಒಂದು ಹೊತ್ತಿನ ಮಾತ್ರೆಗಳನ್ನಷ್ಟೇ ಡಬ್ಬಿಯಲ್ಲಿಟ್ಟು, ಉಳಿದವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ.