ಲೋಕಲ್ ಟ್ರೈನ್ ಅನೌನ್ಸ್‌ಮೆಂಟ್ ಹಾಡಿನ ಥರ ಕೇಳ್ಸೋದು ನಂಗೊಬ್ಬನಿಗೇನಾ?

ಡೊಂಬಿವಲಿ_ಬೆಣ್ಣೆದೋಸೆ:
ದಾವಣಗೆರೆಯಿಂದ ಬಂದು ಮುಂಬೈ ಹತ್ರ ಡೊಂಬಿವಲೀಲಿದೀನಿ, ಆಫೀಸು ದಾದರ್ ಹತ್ರ. ಟ್ರೈನಲ್ಲಿ ಮರಾಠೀಲಿ ‘ಪುಢೀಲ್ ಸ್ಟೇಶನ್’ (ಮುಂದಿನ ಸ್ಟೇಶನ್) ಅಂತ ಬರುತ್ತಲ್ಲ, ಆ ಎರಡು ಪದ ಈಗೀಗ ನಂಗೆ ಮಾತು ಅಂತಾನೇ ಅನ್ಸಲ್ಲ, ಯಾರೋ ರಾಗವಾಗಿ ಹಾಡ್ದಂಗೆ ಕೇಳುತ್ತೆ, ‘ಪುಢೀಲ್’ ಮೇಲಿಂದ ಇಳಿದು ‘ಸ್ಟೇಶನ್’ ಮೇಲೆ ನಿಂತ್ಕೊಳ್ಳುತ್ತೆ. ಆಮೇಲೆ ಬರೋ ಊರ ಹೆಸರು ಮಾಮೂಲಿ ಮಾತು. ಇಂಗ್ಲಿಷ್ ‘ನೆಕ್ಸ್ಟ್ ಸ್ಟೇಶನ್’ ಕೂಡ ಮಾತಾಗೇ ಇರುತ್ತೆ. ನನ್ನ ಹೆಂಡ್ತಿ ಇಲ್ಲೇ ಹುಟ್ಟಿ ಬೆಳೆದೋಳು, ಮರಾಠಿ ನೀರು ಕುಡಿದಂಗೆ ಮಾತಾಡ್ತಾಳೆ, ಅವಳಿಗೆ ಯಾವ ರಾಗಾನೂ ಕೇಳ್ಸಲ್ವಂತೆ, ನಿಮ್ಗೇ ತಲೆ ಕೆಟ್ಟಿರೋದು ಅಂತಾಳೆ. ಸಂಗೀತ ಗಿಂಗೀತ ಕಲ್ತೋನಲ್ಲ ನಾನು. ಏನಿದು?

ಮುಲುಂಡ್_ಮೈಸೂರು:
ತಲೆ ಸರಿಯಾಗೇ ಇದೆ ಸಾರ್. ಇದಕ್ಕೆ ಸ್ಪೀಚ್ ಟು ಸಾಂಗ್ ಇಲ್ಯೂಶನ್ ಅಂತಾರೆ, ಅಂದ್ರೆ ಮಾತೇ ಹಾಡಿನ ಹಾಗೆ ಕೇಳೋ ಭ್ರಮೆ. 1995ರಲ್ಲಿ ಡಯಾನಾ ಡಾಯ್ಚ್ ಅಂತ ವಿಜ್ಞಾನಿ ಒಬ್ರು ಒಂದು ಸಿಡಿಗೋಸ್ಕರ ತಾವೇ ಮಾತಾಡಿದ್ದನ್ನ ಎಡಿಟ್ ಮಾಡ್ತಿದ್ರು, ಒಂದು ತುಣುಕು ಲೂಪಲ್ಲಿ ಓಡ್ತಾನೇ ಇತ್ತು, ಸ್ವಲ್ಪ ಹೊತ್ತಿಗೆ ಯಾರೋ ಹೆಂಗಸು ಹಾಡ್ತಿರೋ ಹಾಗೆ ಕೇಳ್ಸಿತು, ನೋಡಿದ್ರೆ ಅವರದೇ ಮಾತು! 2011ರಲ್ಲಿ ಅವರ ತಂಡ ಇದರ ಪ್ರಯೋಗ ಪ್ರಕಟ ಮಾಡ್ತು. ಒಂದೇ ಸಲ ಕೇಳಿದವರಿಗೆ ‘ಹಾಗೇ ಹೇಳಿ’ ಅಂದ್ರೆ ಮಾತಾಡಿ ತೋರಿಸಿದ್ರು, ಹತ್ತು ಸಲ ಕೇಳಿದವರು ಹಾಡಿಬಿಟ್ರು. ಮಜಾ ಏನಂದ್ರೆ ಪ್ರತಿ ಸಲ ಶ್ರುತಿ ಒಂಚೂರು ಏರಿಸಿ ಇಳಿಸಿ ಕೇಳಿಸಿದ್ರೆ, ಇಲ್ಲಾ ಅಕ್ಷರ ಹಿಂದೆಮುಂದೆ ಮಾಡಿದ್ರೆ, ಮಾತು ಮಾತಾಗೇ ಉಳೀತು. ಅಚ್ಚು ಹೊಡೆದ ಹಾಗೆ ಅದೇ ಧ್ವನಿ ಮತ್ತೆ ಮತ್ತೆ ಬೀಳಬೇಕು. ನಿಮ್ಮ ‘ಪುಢೀಲ್ ಸ್ಟೇಶನ್’ ರೆಕಾರ್ಡಿಂಗ್ ತಾನೆ, ಠಾಣೆಗೂ ಅದೇ ಘಾಟ್ಕೋಪರ್‌ಗೂ ಅದೇ, ಊರ ಹೆಸರು ಮಾತ್ರ ಬದಲಾಗುತ್ತೆ. ಅದಕ್ಕೇ ಇರಬೇಕು.

ಧಾರವಾಡ_ಟು_ಕೋಥ್ರೂಡ್:
ಹೆಂಡ್ತಿಯವರಿಗೆ ಯಾಕ ಕೇಳಂಗಿಲ್ಲ ಅನ್ನೋದಕ್ಕೂ ಉತ್ತರ ಐತ್ರಿ. 2015ರಾಗ ಒಂದು ಸ್ಟಡಿ ಬಂತು, ಇಂಗ್ಲಿಷ್ ಮನಿಭಾಷಾ ಇದ್ದವರಿಗೆ ಬ್ಯಾರೆ ಬ್ಯಾರೆ ಭಾಷಾದ ತುಣುಕು ತಿರುತಿರುಗಿ ಕೇಳಿಸಿದ್ರು, ಯಾವ ಭಾಷಾ ಅವರ ನಾಲಿಗಿಗೆ ಕಠಿಣೋ ಅದ ಹೆಚ್ಚು ಹಾಡಿನಂಗ ಕೇಳಿಸ್ತು. ಅರ್ಥ ತಿಳಿದ್ರ ಮನಸು ಅರ್ಥದ ಬೆನ್ನು ಹತ್ತತೈತಿ, ಸ್ವರ ಬಿಟ್ಟ ಬಿಡತೈತಿ, ನನಗಂತೂ ಹಂಗ ಅನಸ್ತದ. ನಾ ಸಣ್ಣಾಂವ ಇದ್ದಾಗ ಬಂದಿಶ್‌ದಾಗಿನ (ಹಿಂದೂಸ್ತಾನಿ ಸಂಗೀತದ ಹಾಡಿನಾಗಿನ) ಬ್ರಜ್ ಭಾಷಾದ ಮಾತು ಒಂದೂ ತಿಳೀತಿದ್ದಿಲ್ಲ, ಸ್ವರ ಮಾತ್ರ ಕಿವ್ಯಾಗ ಗಟ್ಟಿ ಕೂಡ್ತಿತ್ತು. ಈಗ ಪುಣೇದಾಗ ಸವಾಯಿ ಗಂಧರ್ವ ಸಂಗೀತ ಉತ್ಸವಕ್ಕ ಹೋಗಿ ಕುಂತ್ರ ಮೊದ್ಲು ಮಾತಿನ ಅರ್ಥ ಹುಡುಕ್ತೀನಿ, ಹಾಳಾದ್ದು.

ಮಾಟುಂಗಾ_ಭಟ್ರು:
ಎಲ್ಲದಕ್ಕೂ ಮೆದುಳು ಅಂತ ಹೇಳುದು ಬೇಡ ಮಾರಾಯ್ರೆ. ಆ ಅನೌನ್ಸ್‌ಮೆಂಟಿನ ದನಿಯೇ ಎಳೆದು ಎಳೆದು ಉಂಟಲ್ಲ? ನಾನು ಎಷ್ಟೋ ವರ್ಷದಿಂದ ಕೇಳ್ತಾ ಇದ್ದೇನೆ, ನಂಗೆ ಒಂದು ಹಾಡೂ ಕೇಳ್ಲಿಲ್ಲ.

ಮುಲುಂಡ್_ಮೈಸೂರು:
ಭಟ್ರೇ ಅರ್ಧ ಸರಿ ನಿಮ್ದು. ಎಲ್ಲ ಮಾತೂ ಹಾಡಾಗಲ್ಲ, ಅಕ್ಷರದ ಮೇಲೆ ಸ್ವರ ಅಲ್ಲಾಡದೆ ನಿಂತಿದ್ರೆ ಬೇಗ ಆಗುತ್ತೆ, ಎಲ್ಲರಿಗೂ ಆಗೋದೂ ಇಲ್ಲ. ಆದ್ರೆ ಮೆದುಳು ಬೇಡ ಅನ್ನೋಕಾಗಲ್ಲ. 2013ರ ಒಂದು ಸ್ಕ್ಯಾನ್ ಸ್ಟಡೀಲಿ ಹಾಡಾಗಿ ಬದಲಾಗೋ ತುಣುಕು, ಬದಲಾಗದ ತುಣುಕು ಎರಡನ್ನೂ ಕೇಳಿಸಿದ್ರು, ಎರಡೂ ಬರೀ ಮಾತು, ಯಾರೂ ಹಾಡಿದ್ದಲ್ಲ. ಹಾಡಿನಂಗೆ ಕೇಳೋದು ಬಂದಾಗ ಶ್ರುತಿಗೆ ಸಂಬಂಧಪಟ್ಟ ಜಾಗಗಳಲ್ಲಿ ಚಟುವಟಿಕೆ ಜಾಸ್ತಿ ಇತ್ತು.

ಡೊಂಬಿವಲಿ_ಬೆಣ್ಣೆದೋಸೆ:
ಥ್ಯಾಂಕ್ಸ್ ಎಲ್ರಿಗೂ, ಧಾರವಾಡದವರಿಗೆ ಡಬಲ್. ಹೆಂಡ್ತಿಗೆ ತಮಿಳು ಒಂದಕ್ಷರ ಬರಲ್ಲ, ಯಾವುದಾದ್ರೂ ತಮಿಳು ಅನೌನ್ಸ್‌ಮೆಂಟ್ ಹುಡುಕಿ ಈ ಭಾನುವಾರ ಲೂಪಲ್ಲಿ ಹಾಕ್ತೀನಿ. ಮನೆಯಿಂದ ಆಚೆ ಹಾಕ್ಲಿಲ್ಲ ಅಂದ್ರೆ ಇಲ್ಲೇ ಬಂದು ಹೇಳ್ತೀನಿ.