ಅಪ್‌ಡೇಟ್: ಅಮ್ಮನ ಮೆದುಳಿನ ಆಂಜಿಯೋಗ್ರಾಮ್ ಆಯ್ತು

ಸಿಟಿ ಸ್ಕ್ಯಾನ್‌ನಲ್ಲಿ ಅಮ್ಮನ ಮೆದುಳಿನ ರಕ್ತನಾಳ ಒಂದು ಕಡೆ ಉಬ್ಬಿದಂತೆ ಕಂಡಿತ್ತು. ಕ್ಯಾತಿಟರ್ (ತೆಳುವಾದ ಕೊಳವೆ) ಹಾಕಿ, ರಕ್ತನಾಳಕ್ಕೆ ಡೈ ಬಿಟ್ಟು ಎಕ್ಸ್‌ರೇ ತೆಗೆಯುವ ಆಂಜಿಯೋಗ್ರಾಮ್, ಅಂದರೆ ಡಿಎಸ್‌ಎ, ಸೇಫಾ ಅಂತ ಇಲ್ಲಿ ಹಿಂದೆ ಕೇಳಿದ್ದೆ. ಧೈರ್ಯ ಹೇಳಿದ ಎಲ್ಲರಿಗೂ ಥ್ಯಾಂಕ್ಸ್. ಇಲ್ಲೇ ಬೆಂಗಳೂರಿನಲ್ಲಿ ಮಾಡಿಸಿದೆವು, ಅಮ್ಮ ಆರಾಮಾಗಿದ್ದಾರೆ.

ಡಾಕ್ಟರ್ ಏನನ್ನೂ ಮುಚ್ಚಿಡಲಿಲ್ಲ. ಸ್ಟ್ರೋಕ್ ಆಗಿ ಶಾಶ್ವತ ತೊಂದರೆ ಉಳಿಯುವುದು 100ರಲ್ಲಿ ಒಬ್ಬರಿಗಿಂತ ಕಡಿಮೆ, ಆದರೆ ಸೊನ್ನೆ ಅಲ್ಲ ಅಂದರು. ವಯಸ್ಸಾದವರಿಗೆ ಸ್ವಲ್ಪ ಜಾಸ್ತಿಯಂತೆ. ಅಯೋಡಿನ್ ಇರುವ ಡೈ ಕಿಡ್ನಿಗೆ ತೊಂದರೆ ಕೊಡಬಹುದು, ಅದಕ್ಕೇ ಮೊದಲು ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ನೋಡಿದರು. ಶುಗರ್ ಮಾತ್ರೆ, ಅಲರ್ಜಿ ಎಲ್ಲ ವಿಚಾರಿಸಿದರು.

ತೊಡೆಸಂದಿಯ ಬದಲು ಮಣಿಕಟ್ಟಿನಿಂದ ಕ್ಯಾತಿಟರ್ ಬಿಟ್ಟರು. ಡೈ ಹೋದಾಗ ಮುಖವೆಲ್ಲ ಬಿಸಿಯಾಗಿ ಕಣ್ಣಲ್ಲಿ ಮಿಂಚು ಹೊಡೆದ ಹಾಗಾಯ್ತಂತೆ, ಅಷ್ಟೇ. ಆಮೇಲೆ ಕೈಗೆ ಗಾಳಿ ತುಂಬಿದ ಪಟ್ಟಿ ಕಟ್ಟಿ, ನಿಧಾನವಾಗಿ ಸಡಿಲ ಮಾಡಿದರು.

ರಿಪೋರ್ಟ್ ಬಂತು. ಅನ್ಯೂರಿಸಮ್ (ರಕ್ತನಾಳದ ಗೋಡೆ ದುರ್ಬಲವಾಗಿ ಉಬ್ಬುವುದು) ಅಲ್ಲ! ಸಣ್ಣ ನಾಳ ಕವಲೊಡೆಯುವ ಜಾಗ ಹುಟ್ಟಿನಿಂದಲೇ ಸ್ವಲ್ಪ ಅಗಲ ಇದೆಯಂತೆ.